ಹೊಳೆ ದಂಡೆಯಲ್ಲಿ, ಹಿನ್ನೀರಿನ ಅಂಚಿನಲ್ಲಿ ಟೆಂಟ್ ಹಾಕುವುದು ಹೇಗೆ? ನಮ್ಮ ಕಾಡುಗಳಿಗೆ ತಕ್ಕ ಸಮಗ್ರ ಮಾರ್ಗದರ್ಶಿ

ನಮ್ಮ ಕಾಡುಗಳಲ್ಲಿ ಬೇಸಿಗೆ ಶುರುವಾದರೆ ಸಣ್ಣ ಹಳ್ಳಗಳೆಲ್ಲ ಬತ್ತುತ್ತವೆ. ಆಗ ಆನೆ, ಕಡವೆ, ಕಾಡುಹಂದಿ, ಚಿರತೆ ಎಲ್ಲವೂ ನೀರಿಗೆ ಬರುವುದು ದೊಡ್ಡ ಹೊಳೆಗೇ. ಹೆಚ್ಚಾಗಿ ಬರುವ ಹೊತ್ತು ಸಂಜೆ ಮತ್ತು ನಸುಕು. ಟೆಂಟ್ ಹಾಕಲು ನಾವು ಹುಡುಕುವುದೂ ಅಂಥದ್ದೇ ಜಾಗ: ಸಮತಟ್ಟು ನೆಲ, ಹತ್ತಿರದಲ್ಲೇ ನೀರು, ಪಕ್ಕದಲ್ಲೊಂದು ನೆರಳಿನ ಮರ. ಎರಡು ಕಡೆಯವರೂ ಒಂದೇ ಜಾಗಕ್ಕೆ ಬಂದು ನಿಲ್ಲದ ಹಾಗೆ ನೋಡಿಕೊಳ್ಳುವುದೇ ಇಲ್ಲಿ ಕ್ಯಾಂಪಿಂಗ್‌ನ ಮುಖ್ಯ ಕೆಲಸ. ಟೆಂಟ್ ಯಾವ ಕಂಪನಿಯದು, ಎಷ್ಟು ಜನರದು ಅನ್ನೋದೆಲ್ಲ ಆಮೇಲಿನ ಮಾತು.

ಈ ಬರಹದಲ್ಲಿ ಕಾವೇರಿ, ಕಾಳಿ, ಭದ್ರಾ, ಶರಾವತಿ ಕಣಿವೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಮೊದಲ ಸಲ ಹೋಗುವವರಿಗೆ ಇದು ಹೆಚ್ಚು ಉಪಯೋಗ.

ಮೊದಲ ಹೆಜ್ಜೆ: ಎಲ್ಲಿ ಮಲಗಬಹುದು ಅನ್ನೋದು ಗೊತ್ತಿರಲಿ

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಕಂಡ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಒಳಗೆ ಹೋಗುವುದಕ್ಕೇ ಅನುಮತಿ ಬೇಕು. ಕಾವೇರಿ ವನ್ಯಜೀವಿ ಧಾಮ ಘೋಷಣೆಯಾಗಿದ್ದು 1987ರಲ್ಲಿ. ಮುತ್ತತ್ತಿ, ಸಂಗಮ, ಭೀಮೇಶ್ವರಿ ಸುತ್ತಲಿನ ಹೊಳೆ ದಂಡೆ ಈ ಧಾಮದ ಕಾಡಿಗೆ ಸೇರಿದ್ದು. ಹಾಗಾಗಿ ಅಲ್ಲಿ ರಾತ್ರಿ ಉಳಿಯಬೇಕೆಂದರೆ ಸುಲಭದ ದಾರಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಮೂರೂ ಕಾವೇರಿಯ ದಂಡೆಯಲ್ಲೇ ಇವೆ. ಕಾಳಿ ಕಡೆ ಹೋಗುವವರಿಗೆ ಗಣೇಶಗುಡಿ, ದಾಂಡೇಲಿ ಸುತ್ತ ಶಿಬಿರಗಳಿವೆ. ಭದ್ರಾ ಹಿನ್ನೀರು ನೋಡಬೇಕಾದರೆ ಲಕ್ಕವಳ್ಳಿ. ಲಿಂಗನಮಕ್ಕಿಯ ಹಿನ್ನೀರಿಗೆ ಸಾಗರ ತಾಲ್ಲೂಕಿನ ಹೊನ್ನೆಮರಡು.

ಕಾಡಿನ ಹೊರಗೆ, ಊರ ಕೆರೆಯ ಪಕ್ಕ ಅಥವಾ ಯಾರದೋ ತೋಟದ ಅಂಚಿನಲ್ಲಿ ಟೆಂಟ್ ಹಾಕುವುದಾದರೂ ಸುಮ್ನೆ ಹೋಗಿ ಹಾಕಬೇಡಿ. ಜಮೀನಿನವರನ್ನು ಕೇಳಿ. ಗ್ರಾಮ ಪಂಚಾಯಿತಿಗೆ, ಹತ್ತಿರದ ಅರಣ್ಯ ಕಚೇರಿಗೆ ಒಂದು ಮಾತು ಹೇಳಿ. ರಾತ್ರಿ ಏನಾದರೂ ಆದರೆ ಮೊದಲು ಓಡಿ ಬರುವವರು ಅವರೇ ಅಲ್ವಾ?

ಗಾಳ ಹಾಕುವ ಆಸೆ ಇದ್ದವರು ಅದನ್ನು ಬಿಟ್ಟೇ ಹೊರಡಿ. ಒಂದು ಕಾಲದಲ್ಲಿ ಭೀಮೇಶ್ವರಿ ಕಡೆ ಮಹಶೀರ್ ಮೀನಿಗಾಗಿಯೇ ಹೊರದೇಶಗಳಿಂದ ಜನ ಬರುತ್ತಿದ್ದರು. ಈಗ ಅಭಯಾರಣ್ಯದಲ್ಲಿ ಮೀನು ಹಿಡಿಯಲು ಅವಕಾಶವಿಲ್ಲ. ಕಾವೇರಿ ಕಣಿವೆಗೇ ಸೀಮಿತವಾದ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅದು ಉಳಿಯಲಿ.

ಎರಡನೇ ಹೆಜ್ಜೆ: ಕಾಲ ನೋಡಿ ಹೊರಡಿ

ನವೆಂಬರ್ ಎರಡನೇ ವಾರದಿಂದ ಫೆಬ್ರವರಿ ಮಧ್ಯದವರೆಗೆ ಒಳ್ಳೆಯ ಕಾಲ. ಅಷ್ಟರಲ್ಲಿ ಚಿತ್ತಾ, ಸ್ವಾತಿ ಮಳೆ ಮುಗಿದಿರುತ್ತದೆ. ಹೊಳೆ ತಿಳಿಯಾಗಿರುತ್ತದೆ. ರಾತ್ರಿ ತಂಪು.

ಮಾರ್ಚ್ ಬಂತೆಂದರೆ ಲೆಕ್ಕ ಬದಲಾಗುತ್ತದೆ. ಪ್ರಾಣಿಗಳು ನೀರಿನ ಹತ್ತಿರವೇ ಸುಳಿದಾಡುತ್ತವೆ. ಎಲೆ ಉದುರಿ ಕಾಡೆಲ್ಲ ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಏಪ್ರಿಲ್ ಕೊನೆಯಿಂದ ಭರಣಿ, ಕೃತ್ತಿಕೆ ಮಳೆ ಗುಡುಗು ಸಿಡಿಲಿನ ಜೊತೆ ಬರುತ್ತದೆ, ಬಿರುಗಾಳಿಗೆ ಕೊಂಬೆ ಮುರಿಯುತ್ತವೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಮೊಸಳೆಗಳು ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಡುವುದೂ ಈ ಬೇಸಿಗೆಯಲ್ಲೇ. ಮಣ್ಣು, ಕಲ್ಲಿನ ಬಣ್ಣಕ್ಕೆ ಹೊಂದಿಕೊಂಡ ಆ ಮೊಟ್ಟೆ ಕಾಲಡಿ ಬಂದರೂ ಕಾಣುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ನಡುಗಡ್ಡೆ, ಮರಳು ದಿಬ್ಬಗಳಿಗೆ ಕಾಲೇ ಇಡಬೇಡಿ. ತಲೆಯ ಮೇಲೆ ಹಕ್ಕಿ ಕಿರುಚುತ್ತಾ ಎರಗಿ ಬರುತ್ತಿದ್ದರೆ ಗೂಡು ಹತ್ತಿರದಲ್ಲೇ ಇದೆ ಅಂತ ಅರ್ಥ. ಬಂದ ಹೆಜ್ಜೆ ಗುರುತಿನಲ್ಲೇ ಹಿಂದಕ್ಕೆ ನಡೆಯಿರಿ.

ಜೂನ್‌ನಿಂದ ಸೆಪ್ಟೆಂಬರ್ ಹೊಳೆ ದಂಡೆಯ ಕ್ಯಾಂಪಿಂಗ್ ಬೇಡವೇ ಬೇಡ.

ಮೂರನೇ ಹೆಜ್ಜೆ: ಮೇಲಿನ ಅಣೆಕಟ್ಟಿನ ಸುದ್ದಿ ತಿಳಿಯಿರಿ

ಪ್ರವಾಸಿಗರು ಪ್ರಾಣಿಗಳಿಗೆ ಹೆದರುತ್ತಾರೆ. ಹೊಳೆಯನ್ನು ಬಲ್ಲವರು ನೀರಿಗೆ ಹೆದರುತ್ತಾರೆ. ನಮ್ಮ ದೊಡ್ಡ ಹೊಳೆಗಳಲ್ಲಿ ಹೆಚ್ಚಿನವಕ್ಕೆ ಮೇಲ್ಭಾಗದಲ್ಲಿ ಅಣೆಕಟ್ಟೋ ವಿದ್ಯುತ್ ಕೇಂದ್ರವೋ ಇದೆ. ಭೀಮೇಶ್ವರಿಗೆ ಬರುವ ನೀರು ಕೆಆರ್‌ಎಸ್, ಕಬಿನಿ ಅಣೆಕಟ್ಟುಗಳನ್ನು ದಾಟಿ, 1902ರಿಂದ ವಿದ್ಯುತ್ ಕೊಡುತ್ತಿರುವ ಶಿವನಸಮುದ್ರವನ್ನು ಹಾದು ಬರುತ್ತದೆ. ಗಣೇಶಗುಡಿಯಲ್ಲಿ ಕಾಳಿ ಏರುವುದು, ಇಳಿಯುವುದು ಸೂಪಾ ಅಣೆಕಟ್ಟಿನಲ್ಲಿ ಎಷ್ಟು ನೀರು ಬಿಟ್ಟರು ಎಂಬುದರ ಮೇಲೆ. ನಿಮ್ಮ ತಲೆಯ ಮೇಲೆ ಒಂದು ಮೋಡ ಇಲ್ಲದಿದ್ದರೂ ರಾತ್ರೋರಾತ್ರಿ ನೀರು ಮೇಲೆ ಬರಬಹುದು. ಕೊಡಗಿನಲ್ಲಿ ನಿನ್ನೆ ಬಿದ್ದ ಮಳೆ ಇಲ್ಲಿಗೆ ಇವತ್ತು ತಲುಪಬಹುದು.

ಹೊರಡುವ ದಿನದ ಪೇಪರ್ ನೋಡಿ. ಕೆಆರ್‌ಎಸ್, ಕಬಿನಿಯ ಹೊರಹರಿವು ಎಷ್ಟು ಕ್ಯುಸೆಕ್ ಅಂತ ಬರುತ್ತದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 10,000 ಕ್ಯುಸೆಕ್ ಬಿಟ್ಟರು ಅಂದರೆ ಸೆಕೆಂಡಿಗೆ 2.8 ಲಕ್ಷ ಲೀಟರ್ ನೀರು ನಿಮ್ಮ ಕಡೆ ಹೊರಟಿದೆ. ಹೊರಹರಿವು ಏರುತ್ತಿದೆ ಎಂದು ಕಂಡರೆ ಆ ವಾರ ಹೊಳೆ ಬೇಡ, ಬೆಟ್ಟಕ್ಕೆ ಹೋಗಿ.

ಜಾಗಕ್ಕೆ ಹೋದ ಮೇಲೆ ಇನ್ನೊಂದು ಪರೀಕ್ಷೆ ಇದೆ. ನೀರಿನ ಅಂಚಿನಲ್ಲಿ ಒಂದು ಕೋಲು ನೆಡಿ. ಅರ್ಧ ಗಂಟೆ ಬಿಟ್ಟು ನೋಡಿ. ಕೋಲಿನ ಬುಡ ನೀರೊಳಗೆ ಹೋಗಿದ್ದರೆ ಹೊಳೆ ಏರುತ್ತಿದೆ. ತಿಳಿಯಾಗಿದ್ದ ನೀರು ಕೆಂಪಾಗುವುದು, ನೊರೆ, ತರಗೆಲೆ, ಕಡ್ಡಿ ತೇಲಿ ಬರುವುದು, ಬಂಡೆಗಳ ನಡುವಿನ ಸದ್ದು ಬದಲಾಗುವುದು ಇವೆಲ್ಲ ಒಂದೇ ಸುದ್ದಿ ಹೇಳುತ್ತವೆ. ಆಗ ಸಾಮಾನು ಕಟ್ಟುತ್ತಾ ಕೂರಬೇಡಿ. ಮೊದಲು ಜನ ಮೇಲಕ್ಕೆ ಹೋಗಲಿ. ನಡುಗಡ್ಡೆಯಲ್ಲಿ ರಾತ್ರಿ ಉಳಿಯಬಾರದು ಅನ್ನುವುದಕ್ಕೂ ಇದೇ ಕಾರಣ.

ನಾಲ್ಕನೇ ಹೆಜ್ಜೆ: ಹಗಲಿನಲ್ಲೇ ದಂಡೆಯನ್ನು ಓದಿ

ಇಡೀ ಕ್ಯಾಂಪಿಂಗ್‌ನಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ಕೆಲಸ. ಮಧ್ಯಾಹ್ನ ಮೂರರೊಳಗೆ ಜಾಗ ತಲುಪಿ. ಸಾಮಾನು ಇಳಿಸುವ ಮುಂಚೆ ದಂಡೆಯುದ್ದಕ್ಕೂ, ನೀರಿನಿಂದ ಸ್ವಲ್ಪ ದೂರ ಇಟ್ಟುಕೊಂಡು, ಎರಡೂ ಕಡೆ ನಿಧಾನವಾಗಿ ನಡೆದು ನೋಡಿ.

ಮೊದಲು ಪೊದೆಗಳನ್ನು ನೋಡಿ. ಒಣಹುಲ್ಲು, ಬೇರು, ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡಿರುವ ಒಂದು ಗೆರೆ ಕಾಣುತ್ತದೆ. ಹೋದ ಮಳೆಗಾಲದಲ್ಲಿ ನೀರು ಅಲ್ಲಿವರೆಗೆ ಬಂದಿತ್ತು. ನಿಮ್ಮ ಟೆಂಟ್ ಆ ಗೆರೆಗಿಂತ ಮೇಲಿರಬೇಕು.

ಆಮೇಲೆ ಮರಳು. ಮೊಸಳೆ ಬಿಸಿಲು ಕಾಯಲು ಹತ್ತಿದ ಕಡೆ ಹೊಟ್ಟೆ ಎಳೆದ ಅಗಲ ಗುರುತು ಇರುತ್ತದೆ. ಎರಡೂ ಪಕ್ಕ ಉಗುರು ಊರಿದ ಹೆಜ್ಜೆ, ನಡುವೆ ಬಾಲದ ಗೆರೆ. ಅದು ನೇರವಾಗಿ ನೀರಿನೊಳಗೆ ಹೋಗಿ ಮುಗಿಯುತ್ತದೆ. ಹತ್ತಿರದಲ್ಲಿ ಆಳದ ಮಡು ಇದ್ದರಂತೂ ಅದು ಮೊಸಳೆಯ ಖಾಯಂ ಜಾಗ. ಬಂಡೆಯ ಮೇಲೆ ಏಡಿ ಚಿಪ್ಪಿನ ಚೂರು, ಮೀನಿನ ಹುರುಪೆ ತುಂಬಿದ ಹಿಕ್ಕೆ ಕಂಡರೆ ನೀರುನಾಯಿಗಳ ಕುಟುಂಬ ಇದೆ. ಖುಷಿಪಡಿ, ಆದರೆ ಆ ಬಂಡೆಯನ್ನು ಅವಕ್ಕೇ ಬಿಡಿ.

ಆನೆಯ ಗುರುತು ಇನ್ನೂ ಸುಲಭ. ದಂಡೆಯ ಮಣ್ಣು ಕುಸಿದು ಅಗಲವಾದ ಇಳಿಜಾರು ದಾರಿ ಆಗಿರುತ್ತದೆ. ಪಕ್ಕದ ಮರದ ಕಾಂಡಕ್ಕೆ, ನಿಮ್ಮ ತಲೆಗಿಂತ ಎತ್ತರದಲ್ಲಿ, ಒಣ ಕೆಸರು ಮೆತ್ತಿರುತ್ತದೆ. ಕೆಸರಾಡಿದ ಆನೆ ಮೈ ಉಜ್ಜಿದ್ದು ಅದು. ಬಿದಿರು ಮುರಿದು ಬಿದ್ದಿರುತ್ತದೆ. ಲದ್ದಿ ಹಸಿಯಾಗಿ, ನೊಣ ಮುತ್ತಿದ್ದರೆ ಹೋಗಿ ಹೆಚ್ಚು ಹೊತ್ತಾಗಿಲ್ಲ. ಇಂಥ ದಾರಿಯ ಬಾಯಿಯಲ್ಲಿ ಟೆಂಟ್ ಹಾಕಿದರೆ ರಾತ್ರಿ ಆನೆಗೂ ದಾರಿಯಿಲ್ಲ, ನಿಮಗೂ ಇಲ್ಲ.

ಕೊನೆಗೆ ತಲೆ ಎತ್ತಿ ನೋಡಿ. ಹೊಳೆಮತ್ತಿ ಮರಗಳು ನಮ್ಮ ಹೊಳೆ ದಂಡೆಯ ಚೆಲುವು. ಅವುಗಳ ದೊಡ್ಡ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಮರದಿಂದ ದೂರ ಹೋಗಿ. ಹೊಗೆ, ಗಲಾಟೆಗೆ ಅವು ಎದ್ದರೆ ತಡೆಯುವವರಿಲ್ಲ. ಒಣಗಿದ ಕೊಂಬೆಯ ಕೆಳಗೂ ಮಲಗಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ಅಲ್ಲಿನ ಅರಣ್ಯ ವಾಚರ್ ಅಥವಾ ತೆಪ್ಪ ಹಾಕುವವರನ್ನು ಕೇಳಿ. "ಅಣ್ಣಾ, ಆನೆ ಯಾವ ಕಡೆ ಇಳಿಯುತ್ತೆ? ಮೊಸಳೆ ಎಲ್ಲಿ ಮಲಗುತ್ತೆ?" ಅಂತ ನೇರವಾಗಿ ಕೇಳಿ. "ಇಲ್ಲಿ ಬ್ಯಾಡಿ ಸಾ, ಆ ಕಡಿಕೆ ಹಾಕ್ಕಳಿ" ಅಂದರೆ ಕಾರಣ ಕೇಳುತ್ತಾ ವಾದ ಮಾಡದೆ ಆ ಕಡೆಗೇ ಹೋಗಿ.

ಟೆಂಟ್ ನೀರಿನಿಂದ ಕಡಿಮೆ ಎಂದರೂ 60 ಮೀಟರ್ ದೂರ, ಎತ್ತರದ ನೆಲದಲ್ಲಿ ಇರಲಿ. ಪ್ರಾಣಿಗಳ ದಾರಿ ಬಿಟ್ಟು, ಬಿದಿರು ಮೆಳೆ, ಹುತ್ತ, ಕಲ್ಲುರಾಶಿ ಬಿಟ್ಟು ಹಾಕಿ. ಗಾಡಿ ಇದ್ದರೆ ಟೆಂಟಿನ ಪಕ್ಕದಲ್ಲೇ, ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ.

ಸಾಮಾನು

ಕಡಿಮೆ ಸಾಕು. ಪೂರ್ತಿ ಜಿಪ್ ಹಾಕುವ, ಸೊಳ್ಳೆ ಜಾಲರಿ ಇರುವ ಟೆಂಟ್. ಅಡಿಗೆ ಹಾಸಲು ದಪ್ಪ ಟಾರ್ಪಾಲ್. ನಮ್ಮ ಸೆಕೆಗೆ ಸ್ಲೀಪಿಂಗ್ ಬ್ಯಾಗ್ ಬೇಕಿಲ್ಲ, ಒಂದು ಜಮಖಾನ, ಒಂದು ಕಂಬಳಿ ಸಾಕು. ತಲೆಗೆ ಕಟ್ಟುವ ಟಾರ್ಚ್ ಒಬ್ಬೊಬ್ಬರಿಗೂ ಬೇಕು. ಪಾದ ಮುಚ್ಚುವ ಶೂ, ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟ್, 20 ಮೀಟರ್ ಹಗ್ಗ, ಬಾಯಿ ಬಿಗಿಯುವ ಡಬ್ಬಗಳು, ಕಸದ ಚೀಲ. ತೆಪ್ಪ ಹತ್ತುವ ಯೋಚನೆ ಇದ್ದರೆ ಅಳತೆಗೆ ಸರಿಯಾದ ಲೈಫ್ ಜಾಕೆಟ್.

ಸ್ಪೀಕರ್ ಬೇಡ. ನಾಯಿಯನ್ನೂ ಕರೆದುಕೊಂಡು ಬರಬೇಡಿ, ಅದರ ವಾಸನೆಗೆ ಚಿರತೆ ಬರುತ್ತದೆ.

ಐದನೇ ಹೆಜ್ಜೆ: ಅಡುಗೆ, ನೀರು, ಬೆಂಕಿ

ಕತ್ತಲಾಗುವ ಮುಂಚೆ ಅಡುಗೆ ಮುಗಿಸಿ ಊಟವನ್ನೂ ಮಾಡಿಬಿಡಿ. ಟೆಂಟಿನಿಂದ ಒಂದಷ್ಟು ದೂರದಲ್ಲಿ ಅಡುಗೆ ಮಾಡಿ. ಒಗ್ಗರಣೆ ವಾಸನೆ ಗಾಳಿಯಲ್ಲಿ ಬಹಳ ದೂರ ಹೋಗುತ್ತದೆ, ಆನೆಯ ಮೂಗಿಗಂತೂ ಇನ್ನೂ ದೂರಕ್ಕೆ. ಬಾಳೆಹಣ್ಣು, ಹಲಸು, ಮಾವು, ಬೆಲ್ಲ, ಉಪ್ಪು, ಹೆಂಡ ಯಾವುದನ್ನೂ ಟೆಂಟಿನೊಳಗೆ ಇಡಬೇಡಿ. ಉಳಿದದ್ದೆಲ್ಲ ಬಿಗಿ ಡಬ್ಬದಲ್ಲಿ, ಗಾಡಿಯೊಳಗೆ. ಹಗಲಿಗೆ ಕೋತಿಗಳ ಕಾಟ ಜಾಸ್ತಿ. ಒಂದು ಸಲ ಚಪಾತಿ ಎಸೆದರೆ ಆ ಕೋತಿ ಮುಂದೆ ಬರುವವರ ಕೈಯಿಂದಲೇ ಕಿತ್ತುಕೊಳ್ಳುತ್ತದೆ.

ನನ್ನನ್ನು ಕೇಳಿದರೆ ಒಂದು ರಾತ್ರಿಗೆ ಒಲೆಯೇ ಬೇಡ. ರೊಟ್ಟಿ, ಚಟ್ನಿಪುಡಿ, ಮೊಸರವಲಕ್ಕಿ, ಹುರಿಗಡಲೆ, ಸೌತೆಕಾಯಿ ಸಾಕು. ಪಾತ್ರೆಯೂ ಕಡಿಮೆ, ಹೊಳೆಗೆ ಹೋಗಿ ತೊಳೆಯುವ ಕೆಲಸವೂ ಇಲ್ಲ. ಬಿಸಿ ಬೇಕೇ ಬೇಕು ಅನ್ನುವವರು ಶಿಬಿರದವರು ಒಪ್ಪಿದ ಕಡೆ ಸಣ್ಣ ಗ್ಯಾಸ್ ಸ್ಟೌ ಬಳಸಿ. ಸೌದೆ ಬೆಂಕಿ, ಅದರಲ್ಲೂ ಫೆಬ್ರವರಿಯಿಂದ ಮೇವರೆಗೆ, ಬೇಡ. ಕಾಡಿನಲ್ಲಿ ಬೆಂಕಿ ಹಾಕುವುದು ಕಾನೂನು ಪ್ರಕಾರವೂ ತಪ್ಪು.

ಪಾತ್ರೆಯನ್ನು ಹೊಳೆಯಲ್ಲಿ ಅದ್ದಿ ತೊಳೆಯಬೇಡಿ. ಮೀನು, ಮಾಂಸದ ಚೂರು ನೀರಿಗೆ ಬಿದ್ದರೆ ಮೊಸಳೆ ಅದೇ ಜಾಗಕ್ಕೆ ಬರುವುದನ್ನು ಕಲಿಯುತ್ತದೆ. ಬಕೆಟ್‌ನಲ್ಲಿ ನೀರು ತಂದು, ದಂಡೆಯಿಂದ ದೂರದಲ್ಲಿ ತೊಳೆದು, ಆ ನೀರನ್ನು ಮಣ್ಣಿಗೆ ಚೆಲ್ಲಿ. ನೀರು ತರುವಾಗ ಹಗಲು ಇರಲಿ, ಆಳ ಕಡಿಮೆ ಇದ್ದು ತಳ ಕಾಣುವ ಜಾಗ ಇರಲಿ, ಇಬ್ಬರು ಜೊತೆಗೆ ಹೋಗಿ. ಒಬ್ಬರು ತುಂಬಿಸಲಿ, ಇನ್ನೊಬ್ಬರು ನೀರನ್ನೇ ನೋಡುತ್ತಾ ನಿಂತಿರಲಿ.

ಕುಡಿಯುವ ನೀರನ್ನು ಮನೆಯಿಂದ ತನ್ನಿ, ಒಬ್ಬರಿಗೆ ದಿನಕ್ಕೆ 3ರಿಂದ 4 ಲೀಟರ್. ಹೊಳೆ ನೀರನ್ನೇ ಕುಡಿಯಬೇಕಾಗಿ ಬಂದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ. ಬಿಸಿಲಿಗೆ ಸುಸ್ತಾದವರಿಗೆ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ತಲೆತಟ್ಟಿ ಅಳೆದು ಹಾಕಿ.

ಶೌಚಾಲಯ ಇಲ್ಲದ ಕಡೆ ನೀರಿನಿಂದ 60 ಮೀಟರ್ ಆಚೆ ಒಂದು ಗೇಣು ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಿ. ಟಿಶ್ಯೂ, ಪ್ಯಾಡ್, ಡೈಪರ್ ವಾಪಸ್ ತನ್ನಿ.

ಈಜು ವಿಷಯ

ಮೇಕೆದಾಟು, ಸಂಗಮ, ಮುತ್ತತ್ತಿಯಲ್ಲಿ ಈಜು ಬರುವವರೂ ಜೀವ ಕಳೆದುಕೊಂಡಿದ್ದಾರೆ. ಮೇಲೆ ನಿಂತ ನೀರಿನ ಹಾಗೆ ಕಾಣುತ್ತದೆ, ಒಳಗೆ ಬಂಡೆ ಕೊರೆದ ಗುಂಡಿಗಳು, ಸುಳಿಗಳು. ಹಿನ್ನೀರಿನ ಕಷ್ಟವೇ ಬೇರೆ. ಕೆಸರು ಸೊಂಟದವರೆಗೆ ಹೂತುಕೊಳ್ಳಬಹುದು, ಮುಳುಗಿದ ಕಾಡಿನ ಮೋಟುಮರಗಳು ನೀರಿನಡಿ ಹಾಗೇ ಇವೆ. ಶಿಬಿರದವರು ತೋರಿಸಿದ ಜಾಗದಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ಹಗಲಿನಲ್ಲಿ ಮಾತ್ರ ಇಳಿಯಿರಿ. ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ. ಹಗ್ಗ, ಖಾಲಿ ಕ್ಯಾನ್, ಉದ್ದ ಕೋಲು, ಪಂಚೆ ಏನು ಸಿಕ್ಕರೂ ಎಸೆಯಿರಿ.

ಆರನೇ ಹೆಜ್ಜೆ: ರಾತ್ರಿ

ಕತ್ತಲಾದ ಮೇಲೆ ನೀರಿನ ಹತ್ತಿರ ಯಾರೂ ಹೋಗಬಾರದು. ಈ ಒಂದು ನಿಯಮದಲ್ಲಿ ರಿಯಾಯಿತಿ ಇಲ್ಲ. ಮಕ್ಕಳು ಕೈ ಅಳತೆಯಲ್ಲೇ ಇರಲಿ. ರಾತ್ರಿ ಹೊರಗೆ ಬರಬೇಕಾದರೆ ಜಿಪ್ ತೆಗೆಯುವ ಮುಂಚೆ ಒಂದು ನಿಮಿಷ ಕಿವಿಗೊಡಿ. ಬಿದಿರು ಲಟಲಟ ಮುರಿಯುವ ಸದ್ದು, ನೀರೊಳಗೆ ದೊಡ್ಡ ಹೆಜ್ಜೆ ಇಡುವ ಸದ್ದು ಕೇಳಿದರೆ ಒಳಗೇ ಇರಿ. ಏನೂ ಇಲ್ಲದಿದ್ದರೆ ಟಾರ್ಚ್ ಹಾಕಿ, ಶೂ ಕೊಡವಿ ಹಾಕಿಕೊಂಡು, ಇಬ್ಬರು ಮಾತಾಡುತ್ತಾ ಹೋಗಿ. ಕರಡಿ ಇರುವ ಕಲ್ಲುಗುಡ್ಡದ ಕಾಡಿನಲ್ಲಿ ಈ ಮಾತಿನ ಸದ್ದೇ ರಕ್ಷಣೆ. ಎದುರುಬದುರು ದಿಢೀರ್ ಸಿಕ್ಕಾಗಲೇ ಕರಡಿ ಮೇಲೆ ಬೀಳುವುದು.

ಆನೆ ಹತ್ತಿರ ಬಂತೆಂದರೆ ಕೂಗಬೇಡಿ, ಕಲ್ಲು ಎಸೆಯಬೇಡಿ, ಕಣ್ಣಿಗೆ ಲೈಟ್ ಬಿಡಬೇಡಿ, ಫೋನ್ ತೆಗೆಯಬೇಡಿ. ಬಹಳ ಸಲ ಅದು ನೀರು ಕುಡಿದು ತನ್ನ ಪಾಡಿಗೆ ಹೋಗುತ್ತದೆ. ನಿಮ್ಮ ಕಡೆಗೇ ನಡೆದು ಬರುತ್ತಿದ್ದರೆ ಟೆಂಟ್ ಬಿಟ್ಟು ಸದ್ದಿಲ್ಲದೆ ಗಾಡಿಗೋ ಕಟ್ಟಡಕ್ಕೋ ಸರಿಯಿರಿ. ಆನೆಗೂ ನೀರಿಗೂ ನಡುವೆ, ತಾಯಿಗೂ ಮರಿಗೂ ನಡುವೆ ಮಾತ್ರ ಸಿಕ್ಕಿಕೊಳ್ಳಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಹೊಳೆ ಕಣಿವೆಗಳಲ್ಲಿ ಸಿಗ್ನಲ್ ಸಿಗುವುದು ಕಷ್ಟ, ಎಲ್ಲಿ ಸಿಗುತ್ತದೆ ಅಂತ ಹಗಲೇ ನೋಡಿಟ್ಟುಕೊಳ್ಳಿ.

ಹಾವು ಕಚ್ಚಿದರೆ

ನಾಗರ, ಕೊಳಕುಮಂಡಲ, ಗರಗಸ ಮಂಡಲ, ಕಟ್ಟುಹಾವು ನಾಲ್ಕೂ ನಮ್ಮಲ್ಲಿವೆ. ಇವುಗಳಲ್ಲಿ ಕಟ್ಟುಹಾವಿನ ಬಗ್ಗೆ ಜಾಸ್ತಿ ಎಚ್ಚರ ಬೇಕು. ಅದು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದಿರುವುದು, ಮಾತು ತೊದಲುವುದು ಕಂಡರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಓಡಿ. ಟೆಂಟಿನ ಜಿಪ್ ಸದಾ ಪೂರ್ತಿ ಹಾಕಿಡಿ ಅನ್ನುವುದು ಇದಕ್ಕೇ.

ಕಚ್ಚಿದ ಕೈ ಅಥವಾ ಕಾಲನ್ನು ಅಲ್ಲಾಡಿಸದೆ ಮರದ ಪಟ್ಟಿ ಆಸರೆಗೆ ಇಟ್ಟು ಕಟ್ಟಿ. ಉಂಗುರ, ಬಳೆ, ಗಡಿಯಾರ ತೆಗೆಯಿರಿ. ನಡೆಸಬೇಡಿ, ಹೊತ್ತುಕೊಂಡು ಹೋಗಿ. ಕುಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಸೊಪ್ಪು ಹಚ್ಚುವುದು ಯಾವುದೂ ಬೇಡ. ಹಾವು ಹಿಡಿಯಲು ಹೋಗಬೇಡಿ, ನಾಲ್ಕಕ್ಕೂ ಒಂದೇ ಪ್ರತಿವಿಷ ಕೆಲಸ ಮಾಡುತ್ತದೆ. ಹೊರಡುವ ಮುಂಚೆಯೇ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಪ್ರತಿವಿಷ ಇದೆಯಾ ಅಂತ ಕೇಳಿ, ನಂಬರ್ ಬರೆದಿಟ್ಟುಕೊಳ್ಳಿ. ಆಂಬುಲೆನ್ಸ್‌ಗೆ 108.

ಹೊರಡುವಾಗ, ಮನೆಗೆ ಬಂದ ಮೇಲೆ

ಟೆಂಟ್ ಬಿಚ್ಚಿ ಮಡಚುವ ಮುಂಚೆ ಕೊಡವಿ, ಅಡಿಯಲ್ಲಿ ಚೇಳು ಸೇರಿಕೊಂಡಿರುತ್ತದೆ. ಕಸವನ್ನು ಊರಿನ ತೊಟ್ಟಿಗೂ ಹಾಕದೆ ಮನೆಗೇ ತನ್ನಿ. ಹಣ್ಣಿನ ಸಿಪ್ಪೆಯೂ ಕಸವೇ.

ಮಲೆನಾಡಿನ ಕಡೆ ಹೋಗಿದ್ದರೆ ಉಣುಗಿನ ವಿಷಯ ಮರೆಯಬೇಡಿ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಕಂಡಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಜೀವಗಳನ್ನು ತೆಗೆದುಕೊಂಡಿತು. ಡಿಸೆಂಬರ್‌ನಿಂದ ಮೇ ಅದರ ಕಾಲ, ಅಂದರೆ ನಮ್ಮ ಕ್ಯಾಂಪಿಂಗ್ ಕಾಲದ ಹೆಚ್ಚಿನ ಭಾಗವೂ ಅದರೊಳಗೇ ಬರುತ್ತದೆ. ಆ ಕಡೆ ಹೋಗುವ ಮುಂಚೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆ ಕೇಳಿ. ತರಗೆಲೆ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ವಾಪಸ್ ಬಂದ ದಿನವೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಕಂಕುಳು, ತೊಡೆಸಂದು, ಮಂಡಿಯ ಹಿಂದೆ, ಕಿವಿಯ ಹಿಂದೆ ಹುಡುಕಿ. ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನೇರವಾಗಿ ಎಳೆಯಿರಿ.

ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ 3ರಿಂದ 8 ದಿನದಲ್ಲಿ ಬರುತ್ತದೆ. ಹೊಳೆ, ಕೆರೆ ನೀರಿನಿಂದ ತಗಲುವ ಇಲಿ ಜ್ವರ ಕೆಲವು ವಾರ ಬಿಟ್ಟೂ ಬರಬಹುದು. ಹಾಗಾಗಿ ಬಂದ ಒಂದು ತಿಂಗಳೊಳಗೆ ಜ್ವರ, ತಲೆನೋವು, ಮೈಕೈ ನೋವು ಶುರುವಾದರೆ ಮಾತ್ರೆ ನುಂಗಿ ಸುಮ್ಮನಾಗದೆ ವೈದ್ಯರ ಹತ್ತಿರ ಹೋಗಿ. ಯಾವ ಕಾಡಿನಲ್ಲಿ ಮಲಗಿದ್ದಿರಿ, ಯಾವ ನೀರಿಗೆ ಇಳಿದಿದ್ದಿರಿ, ಯಾವ ದಿನ ಅನ್ನುವುದನ್ನು ಅವರು ಕೇಳದಿದ್ದರೂ ಹೇಳಿ.